ಪರದೆಗೆ ತಕ್ಕಂತೆ ಹಿಗ್ಗುವ ಜಾಲಪುಟಗಳು ಬ್ರೌಸರಿನಿಂದ ಬ್ರೌಸರಿಗೆ ಒಡೆಯಲು ಕಾರಣ ಮತ್ತು ಸರಿಪಡಿಸುವ ಕ್ರಮ

ಅರ್ಜಿ ನಮೂನೆಗಳು, ಸುತ್ತೋಲೆಗಳು, ಆಯ್ಕೆ ಪಟ್ಟಿಗಳು ಮೊದಲಾದವು ಇಂದು ಬಹುಮಟ್ಟಿಗೆ ಜಾಲಪುಟಗಳ ಮೂಲಕವೇ ಸಾರ್ವಜನಿಕರನ್ನು ತಲುಪುತ್ತವೆ. ಪುಟವನ್ನು ಸಿದ್ಧಪಡಿಸಿದ ಕಚೇರಿಯ ಗಣಕಯಂತ್ರದಲ್ಲಿ ಎಲ್ಲವೂ ಸಮರ್ಪಕವಾಗಿ ಕಂಡಿರುತ್ತದೆ. ಅದೇ ಪುಟವನ್ನು ಬೇರೊಂದು ಬ್ರೌಸರಿನಲ್ಲಿ ಅಥವಾ ಮೊಬೈಲ್ ದೂರವಾಣಿಯಲ್ಲಿ ತೆರೆದಾಗ ಬಲಬದಿಯ ಅಂಕಣ ಪುಟದ ತಳಕ್ಕೆ ಜಾರಿರುವುದು, ಒಂದು ಅಂಕಣದ ಅಕ್ಷರಗಳು ಪಕ್ಕದ ಅಂಕಣದ ಮೇಲೆ ಹರಿದಿರುವುದು, 'ಸಲ್ಲಿಸಿ' ಎಂಬ ಗುಂಡಿ ಪರದೆಯ ಅಂಚಿನಿಂದ ಹೊರಗೆ ಹೋಗಿರುವುದು ಕಂಡುಬರುತ್ತದೆ. ಅರ್ಜಿ ಸಲ್ಲಿಕೆಯ ಕೊನೆಯ ದಿನದಂದು ಗುಂಡಿಯೇ ಕಾಣದಿದ್ದರೆ ಅರ್ಹ ಅರ್ಜಿದಾರರು ಸೌಲಭ್ಯದಿಂದ ವಂಚಿತರಾಗುವ ಸಂಭವವಿರುತ್ತದೆ. ಆದ್ದರಿಂದ ಇದನ್ನು ಪುಟದ ಅಂದಚೆಂದಕ್ಕೆ ಮಾತ್ರ ಸಂಬಂಧಿಸಿದ ವಿಷಯವೆಂದು ಬದಿಗಿಡುವಂತಿಲ್ಲ.

ಇಂತಹ ಸಂದರ್ಭದಲ್ಲಿ ಬ್ರೌಸರನ್ನು ದೂರುವುದು ವಾಡಿಕೆ. ಈ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ, 1024 × 768 ಅಳತೆಯ ಪರದೆಯಲ್ಲಿ ವೀಕ್ಷಿಸುವುದು ಉತ್ತಮ ಎಂಬ ಸೂಚನೆಯನ್ನು ಪುಟದ ಅಡಿಯಲ್ಲಿ ಹಾಕಿ ಕೈತೊಳೆದುಕೊಂಡ ತಾಣಗಳು 2000ದ ದಶಕದಲ್ಲಿ ಹೇರಳವಾಗಿದ್ದವು. ನಾಗರಿಕರು ತಮ್ಮ ಯಂತ್ರವನ್ನು ಬದಲಿಸಿಕೊಂಡು ಬರಲಿ ಎಂಬ ನಿರೀಕ್ಷೆ ಅಂದೂ ಸಮಂಜಸವಾಗಿರಲಿಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ದೋಷವಿರುವುದು ಬ್ರೌಸರಿನಲ್ಲಲ್ಲ, ಪುಟದ ಅಗಲದ ಲೆಕ್ಕದಲ್ಲಿ. ಒಂದು ಸಾಲಿನ ಅಂಕಣಗಳ ಅಗಲದ ಮೊತ್ತ ಲಭ್ಯವಿರುವ ಅಗಲವನ್ನು ಮೀರಿರುತ್ತದೆ. ಆ ಹೆಚ್ಚುವರಿಯನ್ನು ಒಂದೊಂದು ಬ್ರೌಸರ್ ಒಂದೊಂದು ರೀತಿಯಲ್ಲಿ ತೋರಿಸುತ್ತದೆ, ಅಷ್ಟೆ. ಮೊತ್ತವನ್ನು ಸರಿಪಡಿಸಿದರೆ ಬಹುಪಾಲು ಎಲ್ಲ ಬ್ರೌಸರುಗಳಲ್ಲಿಯೂ ಪುಟ ಒಮ್ಮೆಗೇ ಸರಿಹೋಗುತ್ತದೆ. ಕಚೇರಿಗಳ ಜಾಲಪುಟ ನಿರ್ವಾಹಕರ ಹಾಗೂ ಸಾರ್ವಜನಿಕರ ಅನುಕೂಲಕ್ಕಾಗಿ ಈ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಬರುವ ಸ್ಟೈಲ್‌ಶೀಟ್ ಪದಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ನೀಡಲಾಗಿದ್ದು, ಕಡತದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು.

ಅಗಲದ ಲೆಕ್ಕ

ಪುಟದ ಅಗಲವನ್ನು ಪಿಕ್ಸೆಲ್ ಎಂಬ ನಿಶ್ಚಿತ ಅಳತೆಯಲ್ಲಿ ನಿಗದಿಪಡಿಸಿದರೆ ಅದು ಎಲ್ಲ ಪರದೆಗಳಲ್ಲಿಯೂ ಒಂದೇ ಅಗಲವಾಗಿರುತ್ತದೆ. ಶೇಕಡಾವಾರು ನಿಗದಿಪಡಿಸಿದರೆ ಪರದೆಯೊಂದಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಇದಕ್ಕೆ ಫ್ಲೂಯಿಡ್ ವಿನ್ಯಾಸವೆಂದು ಹೆಸರು. ಚಿಕ್ಕ ಪರದೆಯವರಿಗೂ ದೊಡ್ಡ ಪರದೆಯವರಿಗೂ ಒಂದೇ ಪುಟ ಸಾಕಾಗುವುದರಿಂದ ಸಾರ್ವಜನಿಕ ಮಾಹಿತಿಗೆ ಎರಡನೆಯದೇ ಯೋಗ್ಯ. ತೊಡಕು ಹುಟ್ಟುವುದು ಈ ಎರಡು ಅಳತೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಿದಾಗ.

ಉದಾಹರಣೆಗೆ, ಪುಟವೊಂದರಲ್ಲಿ ಎಡಕ್ಕೆ ಪರಿವಿಡಿ, ನಡುವೆ ವಿಷಯ, ಬಲಕ್ಕೆ ಪ್ರಕಟಣೆಗಳು ಎಂದು ಮೂರು ಅಂಕಣಗಳಿವೆ ಎಂದು ಭಾವಿಸಬಹುದು. ಅವುಗಳ ಅಗಲ ಕ್ರಮವಾಗಿ ಶೇಕಡಾ 20, 60 ಮತ್ತು 20. ಮೊತ್ತ ನೂರು, ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಅಕ್ಷರಗಳು ಅಂಚಿಗೆ ತಾಗದಿರಲೆಂದು ನಡುವಿನ ಅಂಕಣಕ್ಕೆ ಎರಡೂ ಬದಿ 10 ಪಿಕ್ಸೆಲ್ ಒಳಜಾಗವನ್ನು, ಅಂದರೆ ಪ್ಯಾಡಿಂಗನ್ನು, ಹಾಗೂ ಎರಡೂ ಬದಿ 1 ಪಿಕ್ಸೆಲ್ ಅಂಚುಗೆರೆಯನ್ನು ನೀಡಲಾಗಿದೆ. ಸಾವಿರ ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಅಂಕಣಗಳು 200, 600, 200 ಪಿಕ್ಸೆಲ್ ಪಡೆಯುತ್ತವೆ. ಒಳಜಾಗ ಮತ್ತು ಗೆರೆಗಳ 22 ಪಿಕ್ಸೆಲ್ ಸೇರಿ ಒಟ್ಟು 1022 ಆಗುತ್ತದೆ. ಫ್ಲೋಟ್ ವಿಧಾನದಲ್ಲಿ ಜೋಡಿಸಿದ ಪುಟವಾಗಿದ್ದರೆ, 22 ಪಿಕ್ಸೆಲ್‌ಗಳಿಗೆ ಸ್ಥಳವಿಲ್ಲದ ಕಾರಣ ಮೂರನೆಯ ಅಂಕಣ ಪೂರ್ಣವಾಗಿ ಕೆಳಕ್ಕೆ ಇಳಿಯುತ್ತದೆ.

ಒಳಜಾಗವು ಅಗಲದ ಹೊರಗೋ ಒಳಗೋ ಎಂಬುದೇ ಬ್ರೌಸರುಗಳ ನಡುವಿನ ಮೊದಲ ದೊಡ್ಡ ವ್ಯಾಜ್ಯವಾಗಿತ್ತು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1996ರ ಡಿಸೆಂಬರ್‌ನಲ್ಲಿ ಹೊರಡಿಸಿದ ಸಿಎಸ್‌ಎಸ್ ಮೊದಲನೆಯ ಹಂತದ ಮಾನದಂಡದಂತೆ, ಅಗಲವೆಂದರೆ ಒಳಗಿನ ವಿಷಯದ ಅಗಲ ಮಾತ್ರ. ಒಳಜಾಗ ಮತ್ತು ಗೆರೆ ಅದಕ್ಕೆ ಹೊರತು. ವಿಂಡೋಸ್‌ಗಾಗಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಮತ್ತು 5.5 ಆವೃತ್ತಿಗಳು ಇವೆರಡನ್ನೂ ಅಗಲದ ಒಳಗೇ ಸೇರಿಸಿಕೊಂಡವು. ಹೀಗಾಗಿ ಮೇಲಿನ ಪುಟ ಎಕ್ಸ್‌ಪ್ಲೋರರಿನಲ್ಲಿ ನೆಟ್ಟಗೆ ನಿಂತು, ಮೊಜಿಲ್ಲಾ ಮತ್ತು ಒಪೇರಾಗಳಲ್ಲಿ ಒಡೆಯುತ್ತಿತ್ತು. ಮಾನದಂಡ ಪಾಲಿಸಿದ ಬ್ರೌಸರ್ ಕೆಟ್ಟದ್ದೆಂದೂ, ಪಾಲಿಸದಿದ್ದದ್ದು ಒಳ್ಳೆಯದೆಂದೂ ಅನೇಕರು ಭಾವಿಸಲು ಇದೇ ಕಾರಣ.

2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಎರಡೂ ಲೆಕ್ಕಗಳನ್ನು ಉಳಿಸಿಕೊಂಡಿತು. ಪುಟದ ಮೊದಲ ಸಾಲಿನಲ್ಲಿ ಸರಿಯಾದ ಡಾಕ್‌ಟೈಪ್ ಘೋಷಣೆ ಇದ್ದರೆ ಮಾನದಂಡದ ಲೆಕ್ಕ, ಇಲ್ಲದಿದ್ದರೆ ಹಳೆಯ ಲೆಕ್ಕ. ಘೋಷಣೆಗೆ ಮುಂಚೆ ಎಕ್ಸ್‌ಎಂಎಲ್ ಸಾಲೊಂದು ಬಂದರೂ ಅದು ಹಳೆಯ ಲೆಕ್ಕಕ್ಕೆ ಜಾರುತ್ತಿತ್ತು. ಆ ಬ್ರೌಸರ್ ಇಂದು ಬಳಕೆಯಲ್ಲಿಲ್ಲದಿದ್ದರೂ ಡಾಕ್‌ಟೈಪ್ ಸಾಲಿನ ಮಹತ್ವ ಕಡಿಮೆಯಾಗಿಲ್ಲ. ಅದಿಲ್ಲದ ಪುಟವನ್ನು ಇಂದಿನ ಬ್ರೌಸರುಗಳೂ ಹಳೆಯ ಕಾಲದ ಪುಟವೆಂದು ಪರಿಗಣಿಸುತ್ತವೆ. ಅಂತಹ ಪುಟದ ಕೋಷ್ಟಕಗಳು ಮೇಲಿನಿಂದ ಅಕ್ಷರಗಾತ್ರವನ್ನು ಪಡೆಯದಿರುವುದು ಇತ್ಯಾದಿ ವ್ಯತ್ಯಾಸಗಳು ಉಂಟಾಗಿ ಅಂಕಣಗಳ ಅಗಲ ಏರುಪೇರಾಗುತ್ತದೆ.

ಅಗಲದ ಈ ತಗಾದೆಗೆ ಎರಡು ಪರಿಹಾರಗಳಿವೆ. ಹಳೆಯದು, ಚೌಕಟ್ಟಿನೊಳಗೆ ಚೌಕಟ್ಟು ಇಡುವುದು: ಹೊರಗಿನದಕ್ಕೆ ಶೇಕಡಾವಾರು ಅಗಲ ಮಾತ್ರ, ಒಳಗಿನದಕ್ಕೆ ಒಳಜಾಗ ಮತ್ತು ಗೆರೆ ಮಾತ್ರ. ಎರಡು ಅಳತೆಗಳು ಒಂದೇ ಚೌಕಟ್ಟಿನಲ್ಲಿ ಸೇರದಿರುವುದರಿಂದ ಎಲ್ಲ ಬ್ರೌಸರುಗಳೂ ಒಂದೇ ಉತ್ತರ ನೀಡುತ್ತವೆ. ಹೊಸದು, ಬಾಕ್ಸ್-ಸೈಜಿಂಗ್ ಎಂಬ ಗುಣಕ್ಕೆ ಬಾರ್ಡರ್-ಬಾಕ್ಸ್ ಎಂಬ ಮೌಲ್ಯ ನೀಡುವುದು. ಆಗ ಒಳಜಾಗ ಮತ್ತು ಗೆರೆ ಅಗಲದ ಒಳಗೇ ಸೇರುತ್ತವೆ. 2009ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ರಿಂದ ಈಚಿನ ಎಲ್ಲ ಪ್ರಮುಖ ಬ್ರೌಸರುಗಳಲ್ಲಿ ಇದು ಲಭ್ಯವಾಗಿದೆ. ಎಕ್ಸ್‌ಪ್ಲೋರರ್ 5 ಮಾಡಿದ ಲೆಕ್ಕವೇ ಬಳಕೆಗೆ ಹೆಚ್ಚು ಅನುಕೂಲವೆಂದು ಕೊನೆಗೆ ಎಲ್ಲರೂ ಒಪ್ಪಿದಂತಾದುದು ಈ ಇತಿಹಾಸದ ಒಂದು ಸ್ವಾರಸ್ಯ. ಆದರೆ ಮಾರ್ಜಿನ್ ಎಂಬ ಹೊರಜಾಗ ಈ ಏರ್ಪಾಟಿನಲ್ಲಿಯೂ ಅಗಲದ ಹೊರಗೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಮೊತ್ತವನ್ನು ನೂರಕ್ಕೆ ತರದೆ 97ಕ್ಕೆ ಇಳಿಸಿ, ಉಳಿದ ಶೇಕಡಾ 3ರಲ್ಲಿ ಒಳಜಾಗ ಹೊಂದಿಕೊಳ್ಳಲಿ ಎಂದು ಬಿಡುವ ರೂಢಿಯೂ ಇದೆ. ಇದು ಅಪಾಯಕಾರಿ. ಸಾವಿರ ಪಿಕ್ಸೆಲ್ ಕಿಟಕಿಯಲ್ಲಿ 970 ಮತ್ತು 22 ಸೇರಿ 992; ಪುಟ ನಿಲ್ಲುತ್ತದೆ. ಎಂಟುನೂರರಲ್ಲಿ 776 ಮತ್ತು 22 ಸೇರಿ 798, ಇನ್ನೂ ನಿಲ್ಲುತ್ತದೆ. ಆದರೆ 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಯಲ್ಲಿ 349.2 ಮತ್ತು 22 ಸೇರಿ 371.2 ಆಗಿ ಪುಟ ಒಡೆಯುತ್ತದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಸಮಸ್ಥಿತಿ ಬಿಂದುವನ್ನು ಲೆಕ್ಕಹಾಕುವಂತೆಯೇ ಇದನ್ನೂ ಲೆಕ್ಕಹಾಕಬಹುದು: 22ನ್ನು ಶೇಕಡಾ 3ರಿಂದ ಭಾಗಿಸಿದರೆ ಸುಮಾರು 733. ಕಿಟಕಿಯ ಅಗಲ ಅದಕ್ಕಿಂತ ಕಡಿಮೆಯಾದ ಕೂಡಲೇ ಅಂಕಣ ಕೆಳಕ್ಕೆ ಬೀಳುತ್ತದೆ. ಕಚೇರಿಯ ದೊಡ್ಡ ಪರದೆಯಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ.

ಒಂದೇ ತಪ್ಪು, ಎರಡು ರೂಪ

ಚೌಕಟ್ಟಿನ ಅಗಲಕ್ಕಿಂತ ಒಳಗಿನ ಚಿತ್ರ ಅಥವಾ ಪದ ದೊಡ್ಡದಾದಾಗ, ಮಾನದಂಡ ಪಾಲಿಸುವ ಬ್ರೌಸರ್ ಚೌಕಟ್ಟನ್ನು ಹಾಗೆಯೇ ಇಟ್ಟು ಒಳಗಿನದನ್ನು ಹೊರಚಾಚಲು ಬಿಡುತ್ತದೆ. ಅದು ಪಕ್ಕದ ಅಂಕಣದ ಮೇಲೆ ಹರಿಯುತ್ತದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಚೌಕಟ್ಟನ್ನೇ ಹಿಗ್ಗಿಸುತ್ತಿತ್ತು. ಮೊತ್ತ ಮೀರಿ ಪಕ್ಕದ ಅಂಕಣ ಕೆಳಕ್ಕೆ ಇಳಿಯುತ್ತಿತ್ತು. ನೋಡುವವರಿಗೆ ಇವು ಎರಡು ಬೇರೆ ಬೇರೆ ದೋಷಗಳಂತೆ ಕಂಡರೂ ಮೂಲ ಒಂದೇ. ಎರಡು ಬ್ರೌಸರುಗಳಿಗೆ ಎರಡು ಪರಿಹಾರ ಹುಡುಕುವ ಬದಲು ಮೀರಿದ ವಸ್ತು ಯಾವುದೆಂದು ಹುಡುಕಬೇಕು. ಚಿತ್ರವಾಗಿದ್ದರೆ ಅದರ ಗರಿಷ್ಠ ಅಗಲವನ್ನು ಶೇಕಡಾ 100 ಎಂದೂ, ಎತ್ತರವನ್ನು ಆಟೋ ಎಂದೂ ನಿಗದಿಪಡಿಸಿದರೆ ಸಾಕು.

ಇದೇ ಗುಣ ಇಂದಿನ ವಿಧಾನಗಳಲ್ಲಿ ಬೇರೆ ವೇಷದಲ್ಲಿ ಮರಳಿದೆ. ಫ್ಲೆಕ್ಸ್ ವಿಧಾನದಲ್ಲಿ ಜೋಡಿಸಿದ ಅಂಕಣ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಚಿಕ್ಕದಾಗಲು ತಾನಾಗಿ ಒಪ್ಪುವುದಿಲ್ಲ, ಏಕೆಂದರೆ ಅದರ ಕನಿಷ್ಠ ಅಗಲ ಆಟೋ ಎಂದು ನಿಗದಿಯಾಗಿರುತ್ತದೆ. ಅಂತಹ ಅಂಕಣಕ್ಕೆ ಕನಿಷ್ಠ ಅಗಲ ಸೊನ್ನೆ ಎಂದು ಸ್ಪಷ್ಟವಾಗಿ ಬರೆಯತಕ್ಕದ್ದು. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಮತ್ತು ಸಫಾರಿಗಳಲ್ಲಿ ಒಟ್ಟಿಗೇ ಬಳಕೆಗೆ ಬಂದ ಗ್ರಿಡ್ ವಿಧಾನದಲ್ಲಿಯೂ 1 ಎಫ್‌ಆರ್ ಎಂಬ ಅಳತೆ ಹೀಗೆಯೇ ವರ್ತಿಸುತ್ತದೆ. ಅದರ ಬದಲು ಮಿನ್‌ಮ್ಯಾಕ್ಸ್ ಎಂಬುದರೊಳಗೆ ಸೊನ್ನೆ ಮತ್ತು 1 ಎಫ್‌ಆರ್ ನೀಡುವುದು ಸೂಕ್ತ.

ಪೈಸೆಯ ವ್ಯತ್ಯಾಸ

ಮೊತ್ತ ಸರಿಯಿದ್ದರೂ ಪುಟ ಒಡೆಯುವ ಪ್ರಕರಣಗಳಿವೆ. 50 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ ಶೇಕಡಾ 25ರಂತೆ ನಾಲ್ಕು ಅಂಕಣಗಳಿದ್ದರೆ ಪ್ರತಿಯೊಂದಕ್ಕೂ 12.5 ಪಿಕ್ಸೆಲ್ ಬರುತ್ತದೆ. ಅರ್ಧ ಪಿಕ್ಸೆಲನ್ನು ಏನು ಮಾಡಬೇಕೆಂಬುದನ್ನು ಮಾನದಂಡ ಹೇಳಿರಲಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಮತ್ತು 7 ಅದನ್ನು 13ಕ್ಕೆ ಏರಿಸುತ್ತಿದ್ದವು. ಮೊತ್ತ 52 ಆಗಿ ನಾಲ್ಕನೆಯದು ಬೀಳುತ್ತಿತ್ತು. ಅಂದಿನ ಸಫಾರಿ ಮತ್ತು ಒಪೇರಾ 12ಕ್ಕೆ ಇಳಿಸುತ್ತಿದ್ದವು. 2 ಪಿಕ್ಸೆಲ್ ಖಾಲಿ ಉಳಿಯುತ್ತಿತ್ತು. ಫೈರ್‌ಫಾಕ್ಸ್ ಕೆಲವಕ್ಕೆ 12, ಕೆಲವಕ್ಕೆ 13 ನೀಡಿ ಮೊತ್ತವನ್ನು 50ಕ್ಕೇ ತಾಳೆ ಮಾಡುತ್ತಿತ್ತು. ಬಿಲ್ಲಿನ ಪ್ರತಿ ಬಾಬಿನಲ್ಲಿಯೂ ಪೈಸೆಯನ್ನು ರೂಪಾಯಿಗೆ ಏರಿಸಿದರೆ ಒಟ್ಟು ಮೊತ್ತ ಹೆಚ್ಚಾಗುವುದು, ಒಟ್ಟು ಮೊತ್ತದಲ್ಲಿ ಒಮ್ಮೆ ಮಾತ್ರ ಏರಿಸಿದರೆ ಆಗದಿರುವುದು ಲೆಕ್ಕಪತ್ರ ಬಲ್ಲ ಎಲ್ಲರಿಗೂ ತಿಳಿದ ಸಂಗತಿಯೇ ಆಗಿದೆ.

ಇಂದಿನ ಕ್ರೋಮ್ ಒಂದು ಪಿಕ್ಸೆಲಿನ 64ನೆಯ ಒಂದು ಭಾಗದವರೆಗೆ, ಫೈರ್‌ಫಾಕ್ಸ್ 60ನೆಯ ಒಂದು ಭಾಗದವರೆಗೆ ಲೆಕ್ಕ ಇಡುವುದರಿಂದ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಆದಾಗ್ಯೂ ಮೂರು ಸಮ ಅಂಕಣಗಳಿಗೆ 33.34 ಎಂದು ಬರೆಯದೆ 33.33 ಎಂದೇ ಬರೆಯುವುದು ಕ್ಷೇಮ.

ಕನ್ನಡ ಪುಟಗಳ ವಿಶೇಷ ತೊಡಕು

ಇಂಗ್ಲಿಷ್ ಪುಟಕ್ಕಾಗಿ ಸಿದ್ಧಪಡಿಸಿದ ವಿನ್ಯಾಸದಲ್ಲಿ ಅಕ್ಷರಗಳನ್ನು ಮಾತ್ರ ಕನ್ನಡಕ್ಕೆ ಬದಲಿಸಿದಾಗ ಪುಟ ಒಡೆಯುವುದು ಅತಿ ಸಾಮಾನ್ಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅಗತ್ಯ, ಏಕೆಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ವಿರಳ.

ಬ್ರೌಸರ್ ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗದಲ್ಲಿ ಸಾಲನ್ನು ಮುರಿಯುತ್ತದೆ. ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸಗಳೆಲ್ಲವೂ ಒಂದೇ ಪದದೊಳಗೆ ಸೇರುತ್ತವೆ. 'ಮುಖ್ಯಕಾರ್ಯನಿರ್ವಹಣಾಧಿಕಾರಿಗಳವರಿಗೆ', 'ದಾಖಲಾತಿಗಳನ್ನೊಳಗೊಂಡಂತೆ' ಮುಂತಾದವು ಬ್ರೌಸರಿನ ದೃಷ್ಟಿಯಲ್ಲಿ ಒಡೆಯಲಾಗದ ಒಂದೊಂದು ಕಲ್ಲು. 360 ಪಿಕ್ಸೆಲ್ ಪರದೆಯಲ್ಲಿ ಶೇಕಡಾ 20ರ ಅಂಕಣಕ್ಕೆ ದೊರೆಯುವುದು 72 ಪಿಕ್ಸೆಲ್. ಒಳಜಾಗ ಮತ್ತು ಗೆರೆ ಕಳೆದರೆ 50. ಸಾಮಾನ್ಯ ಗಾತ್ರದ ಅಕ್ಷರಗಳಲ್ಲಿ ಇಂತಹ ಪದದ ಕಾಲುಭಾಗವೂ ಅಷ್ಟರಲ್ಲಿ ಹಿಡಿಯುವುದು ಕಷ್ಟ.

ಅಕ್ಷರಶೈಲಿಯೂ ಲೆಕ್ಕವನ್ನು ಬದಲಿಸುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ ಅಕ್ಷರಶೈಲಿ ಇತ್ತು. 2012ರ ವಿಂಡೋಸ್ 8ರೊಂದಿಗೆ ನಿರ್ಮಲಾ ಯುಐ ಬಂದಿತು. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ ಇರುತ್ತದೆ. ಒಂದೇ ಗಾತ್ರ ನಮೂದಿಸಿದರೂ ಈ ಮೂರರಲ್ಲಿ ಒಂದೇ ಪದದ ಅಗಲ ಬೇರೆ ಬೇರೆಯಾಗಿರುತ್ತದೆ. ಒಂದರಲ್ಲಿ ಒಂದೇ ಸಾಲಿನಲ್ಲಿ ಹಿಡಿಸಿದ ಪರಿವಿಡಿ ಇನ್ನೊಂದರಲ್ಲಿ ಎರಡು ಸಾಲಾಗುವುದು ಬ್ರೌಸರಿನ ತಪ್ಪಲ್ಲ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡ ತಾಣಗಳು ಬಳಸುತ್ತಿದ್ದ ಇಒಟಿ ಮಾದರಿಯ ಅಕ್ಷರಕಡತಗಳನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹೊರತು ಬೇರಾವ ಪ್ರಮುಖ ಬ್ರೌಸರೂ ಓದುತ್ತಿರಲಿಲ್ಲ. ಆ ದಿನಗಳಿಗೆ ಹೋಲಿಸಿದರೆ ಇಂದಿನ ತೊಂದರೆ ಚಿಕ್ಕದೇ.

ಪರಿಹಾರವಾಗಿ, ಪರಿವಿಡಿಯಂತಹ ಅಂಕಣಗಳ ಕನಿಷ್ಠ ಅಗಲವನ್ನು ಪಿಕ್ಸೆಲ್ ಬದಲು ಅಕ್ಷರಗಾತ್ರವನ್ನು ಅನುಸರಿಸುವ ಎಮ್ ಅಳತೆಯಲ್ಲಿ ನೀಡಿ, ಆ ಅಗಲ ದೊರೆಯದ ಪರದೆಗಳಲ್ಲಿ ಅಂಕಣಗಳು ಒಂದರ ಕೆಳಗೊಂದು ಬರುವಂತೆ ಮಾಡತಕ್ಕದ್ದು. ಉದ್ದದ ಪದನಾಮಗಳಲ್ಲಿ ಸಾಲು ಮುರಿಯಬಹುದಾದ ಸ್ಥಳವನ್ನು ಸಾಫ್ಟ್ ಹೈಫನ್ ಎಂಬ ಅದೃಶ್ಯ ಚಿಹ್ನೆಯಿಂದ ಸೂಚಿಸಬಹುದು. 'ಮುಖ್ಯ', 'ಕಾರ್ಯ', 'ನಿರ್ವಹಣಾಧಿಕಾರಿ' ಎಂಬಲ್ಲಿ ಮುರಿದರೆ ಓದುಗರಿಗೆ ತೊಡಕಾಗದು. ಓವರ್‌ಫ್ಲೋ-ರ‍್ಯಾಪ್ ಎಂಬ ಗುಣದಿಂದ ಎಲ್ಲಿ ಬೇಕಾದರೂ ಮುರಿಯುವಂತೆ ಮಾಡಬಹುದಾದರೂ ಅದು ಪದವನ್ನು ಅರ್ಥ ನೋಡದೆ ಕತ್ತರಿಸುವುದರಿಂದ ಕೊನೆಯ ಉಪಾಯವಾಗಿ ಮಾತ್ರ ಇರಿಸಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮೊದಲು, 'ಮುಖ್ಯ ಕಾರ್ಯನಿರ್ವಹಣಾಧಿಕಾರಿ' ಎಂದು ಬಿಡಿಸಿ ಬರೆಯಲು ಯಾವುದೇ ತಂತ್ರಾಂಶ ಬೇಕಾಗಿಲ್ಲ.

ಚೌಕಟ್ಟುಗಳ ಎತ್ತರವನ್ನು ನಿಶ್ಚಿತ ಪಿಕ್ಸೆಲ್‌ಗಳಲ್ಲಿ ಕಟ್ಟುವುದು ಕನ್ನಡಕ್ಕೆ ಸಲ್ಲದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರದಲ್ಲಿ 'ಸ್ತ್ರೀ', 'ಉತ್ಪ್ರೇಕ್ಷೆ' ಮುಂತಾದ ಪದಗಳ ತಳಭಾಗ ಕತ್ತರಿಸಿಹೋಗಬಹುದು. ಸಾಲಿನ ಎತ್ತರವನ್ನು ಅಕ್ಷರಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡದಿರುವುದು ಸೂಕ್ತ.

ಕೋಷ್ಟಕಗಳು

ಕೋಷ್ಟಕಕ್ಕೆ ಶೇಕಡಾ 100 ಅಗಲ ನೀಡಿದರೂ ಒಳಗಿನ ಪದಗಳು ಹಿಡಿಯದಿದ್ದರೆ ಅದು ಹಿಗ್ಗಿ ಇಡೀ ಪುಟವನ್ನು ಬಲಕ್ಕೆ ಎಳೆಯುತ್ತದೆ. ಪಹಣಿಯಂತಹ ಬಹು ಅಂಕಣಗಳ ದಾಖಲೆಯನ್ನು ಮೊಬೈಲ್ ಪರದೆಯೊಳಗೆ ತುರುಕಲು ಅಕ್ಷರಗಾತ್ರವನ್ನು ಇಳಿಸಿದರೆ ವಯಸ್ಸಾದವರು ಓದಲಾರರು. ಅದರ ಬದಲು ಕೋಷ್ಟಕವನ್ನು ಅಡ್ಡಲಾಗಿ ಸರಿಸಬಹುದಾದ ಪ್ರತ್ಯೇಕ ಚೌಕಟ್ಟಿನಲ್ಲಿ ಇರಿಸಿ, 'ಎಡಕ್ಕೆ ಸರಿಸಿ ನೋಡಿ' ಎಂಬ ಸೂಚನೆ ನೀಡಬೇಕು. 2018ರ ಡಬ್ಲ್ಯುಸಿಎಜಿ 2.1 ಸುಗಮ್ಯತಾ ಮಾನದಂಡದಂತೆ 320 ಪಿಕ್ಸೆಲ್ ಅಗಲದಲ್ಲಿ ಪುಟವನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಸರಿಸುವ ಪ್ರಮೇಯ ಬರಬಾರದು; ಅಡ್ಡಲಾಗಿ ಸರಿಸದೆ ಅರ್ಥವಾಗದ ಕೋಷ್ಟಕಗಳಿಗೆ ಅದು ವಿನಾಯಿತಿ ನೀಡಿದೆ. 320 ಎಂಬ ಸಂಖ್ಯೆ ಮೊಬೈಲಿಗಾಗಿ ಮಾತ್ರ ಬಂದುದಲ್ಲ. 1280 ಪಿಕ್ಸೆಲ್ ಪರದೆಯಲ್ಲಿ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ಓದುವ ಮಂದದೃಷ್ಟಿಯವರಿಗೂ ದೊರೆಯುವುದು ಅಷ್ಟೇ ಅಗಲ. ಭಾರತ ಸರ್ಕಾರದ ಜಾಲತಾಣಗಳಿಗೆ ಮೊದಲು 2009ರಲ್ಲಿ ಹೊರಡಿಸಿ, 2023ರಲ್ಲಿ ಮೂರನೆಯ ಆವೃತ್ತಿಗೆ ಪರಿಷ್ಕರಿಸಲಾದ ಜಿಐಜಿಡಬ್ಲ್ಯು ಮಾರ್ಗಸೂಚಿಗಳು ಈ ಮಾನದಂಡವನ್ನು ಅನುಸರಿಸಿವೆ.

ಮೊಬೈಲ್ ಪರದೆ

ಗಣಕಯಂತ್ರದಲ್ಲಿ ಕಿಟಕಿಯನ್ನು ಕಿರಿದುಗೊಳಿಸಿದಾಗ ಸರಿಯಾಗಿ ಕುಗ್ಗುವ ಪುಟ ದೂರವಾಣಿಯಲ್ಲಿ ಮಾತ್ರ ಚಿಕ್ಕ ಅಕ್ಷರಗಳ ಚಿತ್ರದಂತೆ ಕಂಡರೆ, ವ್ಯೂಪೋರ್ಟ್ ಸಾಲು ಬಿಟ್ಟುಹೋಗಿದೆ ಎಂದು ತಿಳಿಯಬಹುದು. 2007ರಲ್ಲಿ ಐಫೋನಿನ ಸಫಾರಿಯೊಂದಿಗೆ ಬಂದ ಪದ್ಧತಿಯಂತೆ, ಈ ಸಾಲು ಇಲ್ಲದ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಕುಗ್ಗಿಸಿ ತೋರಿಸಲಾಗುತ್ತದೆ. ಅಗಲವು ಸಾಧನದ ಅಗಲಕ್ಕೆ ಸಮ ಎಂದು ಈ ಸಾಲಿನಲ್ಲಿ ಬರೆದರೆ ಸಾಕು. ಬಳಕೆದಾರರು ಪುಟವನ್ನು ಹಿಗ್ಗಿಸದಂತೆ ತಡೆಯುವ ಪದಗಳನ್ನು ಅದರಲ್ಲಿ ಸೇರಿಸಬಾರದು.

ಇನ್ನೊಂದು ಸೂಕ್ಷ್ಮವಿದೆ. 100 ವಿಡಬ್ಲ್ಯು ಎಂಬ ಅಳತೆ ಪಕ್ಕದ ಸರಿಪಟ್ಟಿಯ, ಅಂದರೆ ಸ್ಕ್ರಾಲ್‌ಬಾರಿನ, ಅಗಲವನ್ನೂ ಒಳಗೊಂಡಿರುತ್ತದೆ. ದೂರವಾಣಿಯಲ್ಲಿ ಸರಿಪಟ್ಟಿ ಪುಟದ ಮೇಲೆಯೇ ತೇಲುವುದರಿಂದ ತೊಂದರೆಯಿಲ್ಲ; ವಿಂಡೋಸ್ ಗಣಕಯಂತ್ರದಲ್ಲಿ ಅದು ಸುಮಾರು 15ರಿಂದ 17 ಪಿಕ್ಸೆಲ್ ಜಾಗ ಹಿಡಿಯುವುದರಿಂದ ಪುಟ ಅಷ್ಟೇ ಅಗಲ ಬಲಕ್ಕೆ ಹೊರಚಾಚುತ್ತದೆ. ಇಲ್ಲಿ ಶೇಕಡಾ 100 ಎಂದೇ ಬರೆಯುವುದು ಸರಿ.

ದೋಷವನ್ನು ಹುಡುಕುವ ಕ್ರಮ

ಮೊದಲು ಪುಟದ ಎಚ್‌ಟಿಎಂಎಲ್ ಕಡತವನ್ನು ಕನ್ಸಾರ್ಷಿಯಮ್ಮಿನ ಪರಿಶೀಲನಾ ಸೇವೆಗೆ ಒಪ್ಪಿಸಬೇಕು. ಮುಚ್ಚದೆ ಬಿಟ್ಟ ಒಂದು ಡಿವ್ ಅಂಕಣವನ್ನು ಬೇರೊಂದು ಅಂಕಣದೊಳಗೆ ನುಂಗಿಸಿಬಿಡಬಲ್ಲದು. ಅದು ಸರಿಯಿದ್ದರೆ ಡಾಕ್‌ಟೈಪ್ ಮತ್ತು ವ್ಯೂಪೋರ್ಟ್ ಸಾಲುಗಳನ್ನು ನೋಡಬೇಕು. ಅನಂತರ ಪುಟದ ಎಲ್ಲ ಚೌಕಟ್ಟುಗಳಿಗೂ ತಾತ್ಕಾಲಿಕವಾಗಿ ಔಟ್‌ಲೈನ್ ಎಂಬ ಬಣ್ಣದ ಹೊರಗೆರೆ ಹಾಕಿದರೆ ಯಾವ ಚೌಕಟ್ಟು ಎಲ್ಲೆ ಮೀರಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬಾರ್ಡರ್ ಬಳಸಿದರೆ ಅದೇ ಅಗಲವನ್ನು ಹೆಚ್ಚಿಸಿ ಹೊಸ ದೋಷ ಹುಟ್ಟಿಸುತ್ತದೆ. ಔಟ್‌ಲೈನ್ ಜಾಗ ಹಿಡಿಯುವುದಿಲ್ಲ. ಇಷ್ಟಾದರೂ ತಿಳಿಯದಿದ್ದರೆ ಪುಟದ ಅರ್ಧಭಾಗವನ್ನು ತೆಗೆದು ನೋಡುವುದು, ದೋಷ ಉಳಿದರೆ ಉಳಿದ ಭಾಗದ ಅರ್ಧವನ್ನು ತೆಗೆಯುವುದು ಎಂಬಂತೆ ಸಾಗಬೇಕು. ಸಾವಿರ ಸಾಲುಗಳ ಕಡತವಾದರೂ ಹತ್ತು ಸಲದೊಳಗೆ ತಪ್ಪಿನ ಸಾಲು ಸಿಗುತ್ತದೆ. ಇದನ್ನು ಮೂಲ ಕಡತದ ಪ್ರತಿಯಲ್ಲಿ ಮಾತ್ರ ಮಾಡತಕ್ಕದ್ದು.

ಪರೀಕ್ಷೆಗೆ ಹತ್ತಾರು ಬ್ರೌಸರುಗಳ ಅಗತ್ಯವಿಲ್ಲ. ಕ್ರೋಮ್, 2020ರ ಜನವರಿಯಿಂದ ಬಂದ ಹೊಸ ಎಡ್ಜ್ ಮತ್ತು ಇಂದಿನ ಒಪೇರಾಗಳ ಒಳಗಿರುವುದು ಬ್ಲಿಂಕ್ ಎಂಬ ಒಂದೇ ಎಂಜಿನ್. ಕ್ರೋಮಿನಲ್ಲಿಯೂ ಎಡ್ಜಿನಲ್ಲಿಯೂ ಪರೀಕ್ಷಿಸಲಾಗಿದೆ ಎಂಬ ವರದಿ ಒಂದೇ ಮನೆಯ ಇಬ್ಬರು ಸಾಕ್ಷಿಗಳ ಹೇಳಿಕೆಯಂತೆ. ಬ್ಲಿಂಕ್, ಫೈರ್‌ಫಾಕ್ಸಿನ ಗೆಕ್ಕೊ, ಸಫಾರಿಯ ವೆಬ್‌ಕಿಟ್ ಈ ಮೂರರಲ್ಲಿ ನೋಡಬೇಕು. ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಕ್ರೋಮ್ 2023ರ 109ನೆಯ ಆವೃತ್ತಿಗೇ ನಿಂತಿದೆ. ಮೇಲೆ ಹೇಳಿದ ಎಲ್ಲ ವಿಧಾನಗಳೂ ಅದರಲ್ಲಿ ಕೆಲಸ ಮಾಡುತ್ತವೆ. ಅಗಲಗಳ ಪೈಕಿ 320, 360, 768, 1024 ಮತ್ತು 1366 ಪಿಕ್ಸೆಲ್ ನೋಡುವುದರ ಜೊತೆಗೆ ಕಿಟಕಿಯ ಅಂಚನ್ನು ಹಿಡಿದು ನಿಧಾನವಾಗಿ ಎಳೆದು ನಡುವಿನ ಅಗಲಗಳನ್ನೂ ಗಮನಿಸಬೇಕು. ಮೇಲಿನ 733ರಂತಹ ಬಿಂದುಗಳು ಸಿಕ್ಕಿಬೀಳುವುದು ಹೀಗೆಯೇ.

ತೇಪೆಗಳ ಬಗ್ಗೆ

ಬ್ರೌಸರುಗಳಲ್ಲಿ ನಿಜವಾದ ದೋಷಗಳು ಇರಲಿಲ್ಲವೆಂದಲ್ಲ. ಎಕ್ಸ್‌ಪ್ಲೋರರ್ 6 ಫ್ಲೋಟ್ ಆದ ಅಂಕಣದ ಅದೇ ಬದಿಯ ಹೊರಜಾಗವನ್ನು ಎರಡು ಪಟ್ಟು ಮಾಡುತ್ತಿತ್ತು. ಡಿಸ್‌ಪ್ಲೇ ಇನ್‌ಲೈನ್ ಎಂದು ಬರೆದರೆ ಸರಿಹೋಗುತ್ತಿತ್ತು. ಇಂತಹ ತೇಪೆಗಳನ್ನು ಕಂಡೀಷನಲ್ ಕಾಮೆಂಟ್ ಮೂಲಕ ಆ ಬ್ರೌಸರಿಗೆ ಮಾತ್ರ ನೀಡುವ ಸೌಲಭ್ಯವಿದ್ದು, 2012ರ ಎಕ್ಸ್‌ಪ್ಲೋರರ್ 10ರಲ್ಲಿ ಅದನ್ನು ತೆಗೆದುಹಾಕಲಾಯಿತು. ವಿಂಡೋಸ್ 10ರಲ್ಲಿದ್ದ ಎಕ್ಸ್‌ಪ್ಲೋರರ್ 11 ಸಹ 2022ರ ಜೂನ್ 15ರಂದು ನಿವೃತ್ತಿಯಾಯಿತು. ಹಳೆಯ ತಾಣಗಳ ಕಡತಗಳಲ್ಲಿ ಈ ತೇಪೆಗಳು ಉಳಿದಿದ್ದರೆ ತೆಗೆಯುವುದು ಸೂಕ್ತ.

ಇಂದಿಗೂ ರೂಢಿಯಲ್ಲಿರುವ ಒಂದು ತೇಪೆ ಮಾತ್ರ ಹೆಚ್ಚು ಹಾನಿಕಾರಕ. ಅಡ್ಡ ಸರಿಪಟ್ಟಿ ಕಾಣಿಸಿಕೊಂಡ ಕೂಡಲೇ ಇಡೀ ಪುಟಕ್ಕೆ ಓವರ್‌ಫ್ಲೋ ಹಿಡನ್ ಎಂದು ಬರೆದು ಮುಗಿಸುವುದು. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿ ಎರಡೂ ಬದಿಯನ್ನು ಸಮ ಮಾಡಿದಂತೆ ಇದು. ತಪ್ಪು ಅಲ್ಲಿಯೇ ಉಳಿದು, ಕಾಣದಂತಾಗುತ್ತದೆ. ಅನಾಮತ್ತು ಖಾತೆಯನ್ನು ಮುಂದೆಂದಾದರೂ ಪರಿಶೀಲಿಸುತ್ತಾರೆ. ಇಲ್ಲಿ ಅಂಚಿನಾಚೆ ಉಳಿದ 'ಸಲ್ಲಿಸಿ' ಗುಂಡಿಯನ್ನು ಯಾರೂ ಹುಡುಕುವುದಿಲ್ಲ, ಸರಿಸಿ ನೋಡುವ ದಾರಿಯೂ ಅರ್ಜಿದಾರರಿಗೆ ಇರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

ಅರ್ಜಿ ತುಂಬುವಾಗ ಪುಟ ಒಡೆದಿರುವುದು ಕಂಡುಬಂದಲ್ಲಿ, ದೂರವಾಣಿಯಾದರೆ ಅದನ್ನು ಅಡ್ಡಲಾಗಿ ಹಿಡಿದು ನೋಡುವುದು ಅಥವಾ ಬ್ರೌಸರಿನ ಪಟ್ಟಿಯಲ್ಲಿ 'ಡೆಸ್ಕ್‌ಟಾಪ್ ಸೈಟ್' ಆಯ್ಕೆಮಾಡುವುದು. ಪುಟ ಮರುಲೋಡ್ ಆದಲ್ಲಿ ತುಂಬಿದ ವಿವರಗಳು ಅಳಿಸಿಹೋಗಬಹುದಾದ್ದರಿಂದ ಇದನ್ನು ಅರ್ಜಿ ತುಂಬುವ ಮುನ್ನವೇ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಗಣಕಯಂತ್ರವಾದರೆ ಕಂಟ್ರೋಲ್ ಕೀಲಿಯೊಂದಿಗೆ ಮೈನಸ್ ಕೀಲಿ ಒತ್ತಿ ಪುಟವನ್ನು ಕುಗ್ಗಿಸಬಹುದು. ಕೊನೆಯ ಖಾನೆಯನ್ನು ತುಂಬಿದ ಮೇಲೆ ಟ್ಯಾಬ್ ಕೀಲಿ ಒತ್ತುತ್ತಾ ಹೋದರೆ ಕಾಣದ ಗುಂಡಿಯವರೆಗೂ ತಲುಪಲು ಅನೇಕ ವೇಳೆ ಸಾಧ್ಯವಾಗುತ್ತದೆ. ಅಲ್ಲಿ ಎಂಟರ್ ಒತ್ತುವ ಮುನ್ನ ಗುಂಡಿಯ ಹೆಸರು ಕಾಣಿಸಿಕೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ದೂರು ನೀಡುವಾಗ ಪುಟ ಸರಿಯಿಲ್ಲ ಎಂದಷ್ಟೇ ಬರೆಯದೆ ಪುಟದ ಪೂರ್ಣ ವಿಳಾಸ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ದೂರವಾಣಿಯೋ ಗಣಕಯಂತ್ರವೋ ಎಂಬುದು, ಅಕ್ಷರಗಾತ್ರವನ್ನು ಹೆಚ್ಚಿಸಿಕೊಂಡಿದ್ದಲ್ಲಿ ಆ ವಿವರ, ದಿನಾಂಕ ಮತ್ತು ವೇಳೆಯನ್ನು ನಮೂದಿಸಿ ಪರದೆಯ ಚಿತ್ರವನ್ನು ಲಗತ್ತಿಸುವುದು. ಚಿತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಒಟಿಪಿ ಕಾಣದಂತೆ ಮರೆಮಾಡತಕ್ಕದ್ದು. ಅರ್ಜಿ ಸಲ್ಲಿಕೆಯ ಕೊನೆಯ ದಿನವಾಗಿದ್ದಲ್ಲಿ ಆ ಚಿತ್ರದ ಒಂದು ಪ್ರತಿಯನ್ನು ತಮ್ಮ ಬಳಿಯೂ ಇರಿಸಿಕೊಳ್ಳುವುದು.